ಉತ್ತರಕ್ಕೆ ಜಾಗ ಬಿಟ್ಟ ಹಾಡು

ಸಿಸ್ಟರ್ ಅವರ ಎಡಗೈಯ ಬೆರಳ ತುದಿಗಳು ಕಲ್ಲಿನಷ್ಟು ಗಟ್ಟಿಯಾಗಿದ್ದವು. ಗಿಟಾರಿನ ಉಕ್ಕಿನ ತಂತಿಗಳನ್ನು ವರ್ಷಗಟ್ಟಲೆ ಒತ್ತಿ ಬಂದ ಜಡ್ಡು ಅದು. ನನಗೆ ಜ್ವರ ಬಂದಾಗ ಆ ಕೈಯಲ್ಲಿ ನಾಡಿ ಹಿಡಿದರೆ ಉಜ್ಜುಕಾಗದ ತಾಗಿದ ಹಾಗಾಗುತ್ತಿತ್ತು. "ಹೆದರಬೇಡ ಮಾರಾಯ್ತಿ, ಇದು ಹಾಡಿನ ಕೈ. ಇಂಜೆಕ್ಷನ್ ಕೊಡುವ ಕೈ ಮೆತ್ತಗೆ ಉಂಟು" ಎಂದು ಬಲಗೈ ಎತ್ತಿ ತೋರಿಸಿ ನಗುತ್ತಿದ್ದರು.

ಎಂಬತ್ತರ ದಶಕದ ನಡುವೆ ನಾನು ಮದುವೆಯಾಗಿ ಕುಂದಾಪುರದ ಕಡೆಯಿಂದ ಒಮಾನಿನ ಸೀಬ್‌ಗೆ ಬಂದೆ. ನಮ್ಮ ಎರಡಂತಸ್ತಿನ ಕಟ್ಟಡದಲ್ಲಿ ಗಂಡನನ್ನು ಬಿಟ್ಟರೆ ಕನ್ನಡ ಮಾತಾಡಲು ಸಿಕ್ಕವರು ಅವರೊಬ್ಬರೇ. ಮಂಗಳೂರಿನವರು, ಮನೆಮಾತು ಕೊಂಕಣಿ, ಆಸ್ಪತ್ರೆಯಲ್ಲಿ ನರ್ಸ್. ಕಟ್ಟಡದವರೆಲ್ಲರಿಗೂ ಸಿಸ್ಟರ್. ನೈಟ್ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ, ಜೊತೆಯಲ್ಲಿದ್ದ ಮಲಯಾಳಿ ನರ್ಸುಗಳ ನಿದ್ದೆ ಕೆಡಬಾರದೆಂದು, ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಹಾಡು ಕಟ್ಟುತ್ತಿದ್ದರು. ಬಟ್ಟೆ ಒಣಹಾಕುವ ನೆಪದಲ್ಲಿ ನಾನೂ ಹೋಗುತ್ತಿದ್ದೆ.

ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಅಪ್ಪ ಒಂದು ಗಿಟಾರನ್ನೂ ಅಮೆರಿಕದ ಕಂಟ್ರಿ ಹಾಡುಗಳ ರೆಕಾರ್ಡುಗಳನ್ನೂ ತಂದಿದ್ದರಂತೆ. "ಇಂಗ್ಲಿಷ್ ತಿಳಿಯುವ ಮೊದಲೇ ಅವೆಲ್ಲ ನನಗೆ ಬಾಯಿಪಾಠ. ಅರ್ಥ ಆದ ಮೇಲೆ ನೋಡಿದ್ರೆ, ಅಯ್ಯೋ, ಇವರೂ ನಮ್ಮ ಹಾಗೇ ಹಳ್ಳಿಯವರು! ಲಾರಿ, ಕಳೆದುಹೋದ ನಾಯಿ, ಕುಡಿಯುವ ಗಂಡ, ಆದಿತ್ಯವಾರದ ಚರ್ಚು. ಹಾಗಾದ್ರೆ ಕನ್ನಡದಲ್ಲಿ ಯಾಕೆ ಆಗಬಾರದು?"

ಅವರ ಹಾಡುಗಳಲ್ಲಿ ಬೆಳದಿಂಗಳೂ ಇಲ್ಲ, ಮಲ್ಲಿಗೆಯೂ ಇಲ್ಲ. ನೀರಿನ ಟ್ಯಾಂಕರಿನ ಡ್ರೈವರ್ ಇದ್ದ. ಊರಿಗೆ ಹೋಗುವ ಮುನ್ನ ಮೀಸೆಗೆ ಕಪ್ಪು ಹಚ್ಚಿಕೊಳ್ಳುವ ಅಡುಗೆಯವನಿದ್ದ. ವಾರ್ಡಿನಲ್ಲಿ ಮಗನ ಹೆಸರು ಮರೆತುಹೋಗಿ, ಬಂದವರನ್ನೆಲ್ಲ ಮಗನೆಂದೇ ಕರೆಯುವ ಒಮಾನಿ ಅಜ್ಜಿಯಿದ್ದಳು. ಯಾರೇ ಏನು ಹೇಳಿದರೂ ಅವರಿಗೆ ಇನ್ನಷ್ಟು ಬೇಕು: ಬಾಗಿಲು ಯಾವ ಬಣ್ಣದ್ದು, ಆಗ ಕೈಯಲ್ಲಿ ಏನಿತ್ತು, ಕೂತಿದ್ದರೋ ನಿಂತಿದ್ದರೋ.

ಮೊದಲ ಸಲ ವೇದಿಕೆ ಹತ್ತಿದ್ದು ನಮ್ಮ ಊರಿನವರ ಸಂಘದ ಕಾರ್ಯಕ್ರಮದಲ್ಲಿ. ಹಾಡಿದ್ದು ಟ್ಯಾಂಕರ್ ಡ್ರೈವರನ ಹಾಡು. ಎರಡನೆಯ ನುಡಿಗೆ ಬರುವಷ್ಟರಲ್ಲಿ ಜನ ತಮ್ಮತಮ್ಮಲ್ಲೇ ಮಾತು ಶುರುಮಾಡಿದ್ದರು. ಹಿಂದಿನಿಂದ ಒಬ್ಬರು, "ಸಿಸ್ಟರ್, ಖಲಾಸ್! ಒಂದು ಸಿನಿಮಾ ಹಾಡು ಹೇಳಿ" ಎಂದು ಕೂಗಿದರು. ನಗು. ಸಿಸ್ಟರ್ ಒಂದು ಸಾಲೂ ಬಿಡದೆ ಕೊನೆಯವರೆಗೂ ಹಾಡಿ ಇಳಿದರು. ಟ್ಯಾಕ್ಸಿಯಲ್ಲಿ ಮನೆಗೆ ಬರುವಾಗ ನಾನೇ ಸಿಟ್ಟಿನಲ್ಲಿ ಕುದಿಯುತ್ತಿದ್ದೆ. ಅವರು ಮಾತ್ರ ಕಿಟಕಿಯಾಚೆ ನೋಡುತ್ತ, "ಎರಡನೇ ನುಡಿ ಉದ್ದ ಆಯ್ತು. ಅಲ್ಲೇ ಅವರು ನನ್ನ ಕೈ ತಪ್ಪಿದ್ದು" ಎಂದರು.

ಮಾರನೆಯ ವರ್ಷ ಊರಿನಲ್ಲಿ ನನ್ನ ಅಮ್ಮ ತೀರಿಹೋದರು. ಸುದ್ದಿ ಗಂಡನ ಆಫೀಸಿನ ಫೋನಿಗೆ ಬಂತು. ನಮ್ಮ ಪಾಸ್‌ಪೋರ್ಟುಗಳು ವೀಸಾ ಕೊಟ್ಟ ಕಫೀಲನ ಬೀರುವಿನಲ್ಲಿ, ಕಫೀಲ ಪರದೇಶದಲ್ಲಿ. ನನಗೆ ಹೋಗಲಾಗಲಿಲ್ಲ.

ಅದಾಗಿ ಕೆಲವು ದಿನಗಳಿಗೆ, ರಜೆ ಮುಗಿಸಿ ಬಂದ ಪರಿಚಯದವರೊಬ್ಬರು ಒಂದು ಕ್ಯಾಸೆಟ್ ತಂದುಕೊಟ್ಟರು. ಅಮ್ಮನಿಗೆ ಓದುಬರಹ ಇರಲಿಲ್ಲ. ಹಾಗಾಗಿ ನನ್ನ ತಮ್ಮ ಟೇಪ್‌ರೆಕಾರ್ಡರನ್ನು ಎದುರಿಗಿಟ್ಟು ಅವರಿಂದ ಮಾತಾಡಿಸಿದ್ದ. ಸಾಯುವುದಕ್ಕೆ ಮೊದಲಿನ ವಾರದ್ದು. ಅದೂ ಫೋನಿನಂತೆಯೇ ಎಂದುಕೊಂಡಿದ್ದರೋ ಏನೋ, ಅಮ್ಮ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದರು. "ಉಂಡ್ಯಾ ಮಗಾ?" ಮೌನ. ಹಿಂದೆ ಎಲ್ಲೋ ಕಾಗೆಯ ಕೂಗು. "ಅಲ್ಲ್ ಮಳಿ ಬತ್ತಾ?" ಮತ್ತೆ ಮೌನ. "ಹೌದಾ? ಆಯ್ತ್ ಹಾಂಗಾರೆ." ನಾನು ಏನು ಉತ್ತರ ಕೊಟ್ಟೆನೆಂದು ಅವರು ತಿಳಿದರೋ ದೇವರಿಗೇ ಗೊತ್ತು.

ಒಂದು ಬೆಳಿಗ್ಗೆ ಸಿಸ್ಟರ್ ಗಂಜಿ ತೆಗೆದುಕೊಂಡು ಬಂದಾಗ, ನಾನು ಟೇಪ್ ಎದುರು ಕೂತು ಆ ಮೌನಗಳಲ್ಲಿ ಉತ್ತರ ಹೇಳುತ್ತಿದ್ದೆ. "ಉಂಡೆ ಅಮ್ಮಾ." "ಇಲ್ಲಮ್ಮಾ, ಇಲ್ಲಿ ಮಳಿ ಇಲ್ಲೆ." ಅವರು ಸದ್ದಿಲ್ಲದೆ ನೆಲದ ಮೇಲೆ ಕೂತರು. ಕ್ಯಾಸೆಟ್ಟಿನ ಆ ಬದಿ ಮುಗಿಯುವವರೆಗೂ ಏಳಲಿಲ್ಲ.

ಮುಂದಿನ ಕಾರ್ಯಕ್ರಮದಲ್ಲಿ ಸಿಸ್ಟರ್ ಹೊಸ ಹಾಡು ಹಾಡಿದರು. ಒಬ್ಬ ತಾಯಿ ಪರದೇಶದ ಮಗಳನ್ನು ಕೇಳುತ್ತಾಳೆ: ಉಂಡೆಯಾ? ಗಿಟಾರ್ ನಿಂತಿತು. ಅಲ್ಲಿ ಮಳೆ ಬರುತ್ತದಾ? ಮತ್ತೆ ನಿಂತಿತು. ಉಂಡೆಯಾ ಎಂದು ಮತ್ತೆ ಕೇಳಿ ನಿಂತ ಮೂರನೆಯ ಮೌನದಲ್ಲಿ ಹಿಂದಿನ ಸಾಲಿನ ಗಂಡಸೊಬ್ಬ "ಉಂಡೆ ಅಮ್ಮಾ" ಎಂದ. ನಾನು ಎದ್ದು ಹೊರಗೆ ಬಂದುಬಿಟ್ಟೆ.

ಮರುದಿನ ಅವರು ಬಾಗಿಲು ತಟ್ಟಿದಾಗ ಒಳಗೆ ಕರೆಯಲಿಲ್ಲ. "ಅದು ನನಗೆ ಬಂದದ್ದು ಸಿಸ್ಟರ್. ಊರಿಗೆಲ್ಲ ಅಲ್ಲ."

ಅವರು ವಾದ ಮಾಡಲಿಲ್ಲ. "ಕೇಳಬೇಕಿತ್ತು. ಕೇಳಿದ್ರೆ ನೀನು ಬೇಡ ಅಂತಿ ಅಂತ ಗೊತ್ತಿತ್ತು, ಅದಕ್ಕೇ ಕೇಳ್ಲಿಲ್ಲ. ಇನ್ನು ಹಾಡುವುದಿಲ್ಲ."

ಹಾಡಲೂ ಇಲ್ಲ. ಜನ ಎಲ್ಲೆಡೆ ಅದನ್ನೇ ಕೇಳುತ್ತಿದ್ದರಂತೆ. ಅವರು ತಲೆಯಾಡಿಸಿ ಬೇರೆ ಹಾಡಿಗೆ ಹೋಗುತ್ತಿದ್ದರಂತೆ. ನಮ್ಮ ನಡುವೆ ಮೆಟ್ಟಿಲಲ್ಲಿ ಎದುರಾದಾಗಿನ ಎರಡು ಮಾತು ಬಿಟ್ಟರೆ ಏನೂ ಉಳಿದಿರಲಿಲ್ಲ.

ಆ ಬೇಸಿಗೆಯಲ್ಲಿ ಅಮ್ಮನ ಕ್ಯಾಸೆಟ್ಟಿನ ಟೇಪು ಯಂತ್ರದೊಳಗೆ ಸುತ್ತಿಕೊಂಡಿತು. ಸೀಬಿನ ಸೂಕ್ ಪೇಟೆಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಬ್ಯಾರಿ ಕಾಕನ ಹತ್ತಿರ ಓಡಿದೆ. ಅವರು ತಿರುಪು ಬಿಚ್ಚಿ, ಸುಕ್ಕಾದ ಟೇಪನ್ನು ಬೆರಳಲ್ಲಿ ನೀವಿ, ಅಂಟಿಸಿ ಹಾಕಿ ನೋಡಿದರು. ಗೊರಗೊರ ಸದ್ದು ಬಿಟ್ಟರೆ ಏನಿಲ್ಲ. ನನ್ನ ಮುಖ ನೋಡಿ ಚಹಾ ತರಿಸಿದರು. ಸಮಾಧಾನಕ್ಕೆಂದು ಬೇರೆ ಮಾತು ತೆಗೆದರು.

"ನಿಮ್ಮ ಮೇಲಿನ ಮನೆಯ ಸಿಸ್ಟರಿಗೆ ಹೇಳಿ ಅಕ್ಕ. ಮಂಗಳೂರಿನ ಕ್ಯಾಸೆಟ್‌ನವರು ರೆಕಾರ್ಡ್ ಮಾಡ್ಲಿಕ್ಕೆ ತಯಾರಿದ್ದಾರೆ. ತಾಯಿಯ ಹಾಡು ಬೇಕು ಅಂತಾರೆ. ಇವರು ಅದೊಂದು ಕೊಡುವುದಿಲ್ಲ ಅಂತಾರೆ. ಅದಿಲ್ಲದಿದ್ರೆ ಬೇಡವಂತೆ ಅವರಿಗೆ."

"ಯಾಕೆ ಕೊಡುವುದಿಲ್ಲವಂತೆ?"

"ಅದು ನನ್ನದಲ್ಲ ಅಂದ್ರು. ಬೇರೆ ಏನೂ ಹೇಳ್ಲಿಲ್ಲ."

ಮನೆಗೆ ಬಂದವಳು ನೇರ ಟೆರೇಸಿಗೆ ಹತ್ತಿದೆ. ಸಿಸ್ಟರ್ ತಂತಿ ಬದಲಾಯಿಸುತ್ತಿದ್ದರು. "ಆ ಹಾಡು ಒಮ್ಮೆ ಹಾಡಿ" ಎಂದೆ. ಅವರು ಹೊಸ ತಂತಿ ಬಿಗಿದು ಶ್ರುತಿ ಮಾಡಿಕೊಂಡರು. ಆಮೇಲೆ ಹಾಡಿದರು. ಅವತ್ತು ನಾನು ಎದ್ದುಹೋದ ಮೇಲಿನ ನುಡಿಗಳನ್ನು ಆಗ ಮೊದಲ ಬಾರಿ ಕೇಳಿದೆ. ಮೌನ ಬಂದಲ್ಲೆಲ್ಲ ಉತ್ತರ ಹೇಳಿದೆ. ಕೊನೆಗೆ ಕಣ್ಣೊರೆಸಿಕೊಂಡು, "ಅಮ್ಮ 'ಮಳೆ' ಅಂತಿರಲಿಲ್ಲ ಸಿಸ್ಟರ್. 'ಮಳಿ ಬತ್ತಾ' ಅಂತಿದ್ರು. ಹಾಗೇ ಹಾಡಿ. ಕ್ಯಾಸೆಟ್ಟಿಗೂ ಹಾಗೇ" ಎಂದೆ.

"ನಿನ್ನ ಅಮ್ಮಂದು ಅಂತ ಹೇಳಲಾ?"

"ಬೇಡ."

ಆ ರಜೆಯಲ್ಲಿ ಅವರು ಮಂಗಳೂರಿಗೆ ಹೋಗಿ ರೆಕಾರ್ಡ್ ಮಾಡಿ ಬಂದರು. ಕ್ಯಾಸೆಟ್ ಕಾಕನ ಅಂಗಡಿಯಲ್ಲಿ ನಿಲ್ಲಲೇ ಇಲ್ಲ. ಶುಕ್ರವಾರಗಳಂದು ಯಾರದೋ ಪಿಕಪ್ಪಿನಲ್ಲಿ ದೂರದ ಕಾರ್ಮಿಕರ ಕ್ಯಾಂಪುಗಳಿಗೆ ಹೋಗಿ ಹಾಡತೊಡಗಿದರು. ಅಂದು ಸಿನಿಮಾ ಹಾಡು ಹೇಳಿ ಎಂದು ಕೂಗಿದ್ದ ಮನುಷ್ಯನೇ ಒಮ್ಮೆ ಅವರ ಗಿಟಾರ್ ಹೊತ್ತುಕೊಂಡು ಬಂದದ್ದನ್ನು ನೋಡಿದ್ದೇನೆ. ತೊಂಬತ್ತರ ಆರಂಭದಲ್ಲಿ ಸಿಸ್ಟರ್ ಆಸ್ಪತ್ರೆಯ ಕೆಲಸ ಬಿಟ್ಟು ಊರಿಗೆ ಹೋದರು, ಹಾಡುಗಾರ್ತಿಯಾಗಿಯೇ ಬದುಕಲು. ಆಮೇಲೆ ಅವರ ಹೆಸರು ದೊಡ್ಡದಾಯಿತು. ಯಾವ ವೇದಿಕೆಯಲ್ಲಿ, ಯಾರು ಕೇಳಿದರೂ ಆ ತಾಯಿ ಯಾರೆಂದು ಅವರು ಹೇಳಲಿಲ್ಲ.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಅವರು ಕ್ಯಾನ್ಸರಿನಿಂದ ತೀರಿಕೊಂಡಾಗ ನಾವು ರಜೆಯಲ್ಲಿ ಊರಿನಲ್ಲೇ ಇದ್ದೆವು. ಈ ಸಲ ನಾನು ಹೋಗಬಹುದಿತ್ತು, ಹೋದೆ. ಚರ್ಚಿನ ಸ್ಮಶಾನದಲ್ಲಿ ಪ್ರಾರ್ಥನೆ ಮುಗಿದು ಜನ ಚದುರುತ್ತಿದ್ದಾಗ, ಗುರುತಿಲ್ಲದ ಒಬ್ಬರು ನನ್ನ ಪಕ್ಕದಲ್ಲಿ ನಿಂತು ಅಳುತ್ತಿದ್ದರು. ಒಮಾನಿನಲ್ಲಿ ಕ್ರೇನ್ ಓಡಿಸುತ್ತಿದ್ದವರಂತೆ.

"ಆ ತಾಯಿಯ ಹಾಡು ಉಂಟಲ್ಲ ಅಮ್ಮ," ಎಂದರು, "ಅದು ನಮ್ಮ ಅಮ್ಮನದೇ. ನಾನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಸಿಸ್ಟರಿಗೆ ಎಲ್ಲ ಹೇಳಿದ್ದೆ. ಅದನ್ನೇ ಹಾಡು ಮಾಡಿದ್ರು."

ಅವರು ಸುಳ್ಳು ಹೇಳುತ್ತಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು. ಬಿಸಿಲು ಏರುತ್ತಿತ್ತು. ನಾನು ಅವರನ್ನು ಮರದ ನೆರಳಿಗೆ ಕರೆದು, "ನಿಮ್ಮ ಅಮ್ಮ ಹೇಗಿದ್ದರು?" ಎಂದು ಕೇಳಿದೆ. ಅವರು ಹೇಳತೊಡಗಿದರು.