ಜರಡಿಯ ಮೇಲೆ ಉಳಿದದ್ದು

ಏಳನೆಯ ತರಗತಿಗೇ ಶಾಲೆ ಬಿಟ್ಟು ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಚೀಲ ಹೊತ್ತವನು ನಾನು. ಈಗ ಕೊಪ್ಪಳದ ಒಂದು ಪ್ರಯೋಗಾಲಯದಲ್ಲಿ ಸಹಾಯಕ. ಕುರಿಯ ಮೆದುಳನ್ನು ಬಿಡಿಬಿಡಿ ಜೀವಕೋಶಗಳಾಗಿ ಬೇರ್ಪಡಿಸುವುದು ನಮ್ಮ ಕೆಲಸ. ಕೋಶಗಳು ಒಂದಕ್ಕೊಂದು ಅಂಟಿರಬಾರದು, ಸತ್ತಿರಬಾರದು, ನಡುವೆ ಕಸವಿರಬಾರದು. ಪ್ರಯೋಗಾಲಯ ನಡೆಸುವ ಮೇಡಂ ತೋರಿಸಿದರು, ನಾನು ಕಲಿತೆ. ನನಗಿಂತ ಮೊದಲು ಬರುವವರೂ ಅಲ್ಲಿಲ್ಲ, ನನ್ನ ನಂತರ ಹೋಗುವವರೂ ಇಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆಮೇಲೆ ಹನುಮಸಾಗರದವನೊಬ್ಬ ಇದೇ ಕೆಲಸಕ್ಕೆ ಸೇರಿದ. ಆರಾಮದ ಮನುಷ್ಯ. ಸ್ಟೂಲಿನ ಮೇಲೆ ಕೂತರೆ ಗೋಡೆಗೆ ಒರಗಲೇಬೇಕು. ಮಧ್ಯಾಹ್ನ ದಿನಾಲೂ ತಟ್ಟೆಯಲ್ಲಿ ಅರ್ಧ ರೊಟ್ಟಿ ಬಿಟ್ಟೇಳುತ್ತಿದ್ದ.

"ಅನ್ನಕ್ಕ ಕಿಮ್ಮತ್ತಿಲ್ಲೇನೋ?" ಎಂದು ಒಮ್ಮೆ ಕೇಳಿದೆ.

"ಹೊಟ್ಟಿ ಸಾಕಂದ ಮ್ಯಾಲ ತುರಕಬಾರದಣ್ಣಾ. ಪಾಪ, ಅದಕ್ಕೂ ಮರ್ಯಾದಿ ಇರ್ತೈತಿ."

ಸುತ್ತಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ.

ಕೆಲವು ತಿಂಗಳಿಗೆ ಪರ ಊರಿನ ದೊಡ್ಡ ಪ್ರಯೋಗಾಲಯದವರು ನಮ್ಮ ಕೆಲಸ ನೋಡಲು ಬರುವುದೆಂದಾಯಿತು. ಅವರೆದುರು ಮಾದರಿ ತಯಾರಿಸಲು ಒಬ್ಬರೇ ಕೂರಬೇಕು. ಅದು ನನ್ನ ಜಾಗ ಎಂದುಕೊಂಡಿದ್ದೆ. ಮೇಡಂ ಮಾತ್ರ ಒಂದು ಮೆದುಳನ್ನು ಎರಡು ಭಾಗ ಮಾಡಿ ಇಬ್ಬರಿಗೂ ಕೊಟ್ಟರು. "ಯಾರ ಮಾದರಿ ಸ್ವಚ್ಛ ಬರ್ತೈತಿ, ಅವರು ಕೂಡ್ರಿ" ಎಂದರು.

ಸಣ್ಣಗೆ ಹೆಚ್ಚಿದೆ. ಅಂಟು ಬಿಡಿಸುವ ಬೆಚ್ಚನೆಯ ದ್ರಾವಣದಲ್ಲಿ ಇಟ್ಟೆ. ನೊರೆ ಏಳದಂತೆ ಸಪೂರ ನಳಿಕೆಯಿಂದ ಎಳೆದು ಬಿಟ್ಟು, ಎಳೆದು ಬಿಟ್ಟು, ಜರಡಿಗೆ ಸುರಿದೆ. ಜರಡಿಯ ಮೇಲೆ ಒಂದಿಷ್ಟು ಚೂರು ಉಳಿಯಿತು. ಗಿರಣಿಯಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನೂ ಗುಡಿಸಿ ಚೀಲಕ್ಕೆ ತುಂಬಿದವನು ನಾನು. ಒಂದು ಕುರಿಯ ಜೀವ ಹೋಗಿದೆ, ಇದನ್ನು ಬಿಸಾಡುವುದೇ? ರಬ್ಬರಿನ ತುದಿಯಿಂದ ಒತ್ತಿ ಒತ್ತಿ ಎಲ್ಲವನ್ನೂ ಕೆಳಗಿಳಿಸಿದೆ. ಅವನು ಉಳಿದ ಚೂರುಗಳ ಸಮೇತ ಜರಡಿಯನ್ನು ಕಸದ ಡಬ್ಬಿಗೆ ಎಸೆದು ಆಕಳಿಸಿದ.

ಇಬ್ಬರ ಕೊಳವೆಗಳನ್ನೂ ಯಂತ್ರದಲ್ಲಿ ತಿರುಗಿಸಿದೆವು. ಮೆದುಳಿನ ಕೊಬ್ಬು ಕೆನೆಯಂತೆ ಮೇಲೆ ಕೂತಿತು; ಅದನ್ನು ತೆಗೆದು ತಳದ ಕೋಶಗಳನ್ನು ಹೊಸ ದ್ರವದಲ್ಲಿ ಕದಡಿದೆವು. ನನ್ನದು ಹಾಲಿನಂತೆ ಗಟ್ಟಿ, ಅವನದು ಅಕ್ಕಿ ತೊಳೆದ ನೀರು. ಆಗಲೇ ನಾನು ಮನಸ್ಸಿನಲ್ಲಿ ಗೆದ್ದಿದ್ದೆ.

ಮೇಡಂ ಎರಡಕ್ಕೂ ನೀಲಿ ಬಣ್ಣದ ಹನಿ ಬೆರೆಸಿದರು. ಸತ್ತ ಕೋಶ ನೀಲಿಯಾಗುತ್ತದೆ, ಬದುಕಿದ್ದು ಬಣ್ಣ ಹಿಡಿಯುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿ, ನನಗೂ ನೋಡಲು ಹೇಳಿದರು. ನನ್ನದರಲ್ಲಿ ನೀಲಿಯೋ ನೀಲಿ, ನಡುವೆ ಹರಕು ಎಳೆಗಳು. ಅವನದರಲ್ಲಿ ನೆನೆದ ಸಬ್ಬಕ್ಕಿಯಂತೆ ದುಂಡಗೆ, ಬಿಡಿಬಿಡಿಯಾಗಿ ಹೊಳೆಯುವ ಕೋಶಗಳು.

"ಜರಡಿ ಮ್ಯಾಲ ಒತ್ತಿದ್ರೇನು?"

"ಸ್ವಲ್ಪ ರೀ."

"ಬರೂವು ತಾವಾಗೇ ಬರ್ತಾವ್ರಿ. ಜಬರ್ದಸ್ತಿ ಮಾಡಿದ್ರ ಒಡೀತಾವು. ಒಡದಿದ್ದು ಛಲೋ ಇದ್ದುದನ್ನೂ ಕೆಡಸ್ತೈತಿ."

ಪರೀಕ್ಷೆಯಲ್ಲಿ ಗೆದ್ದದ್ದು ಆಕಳಿಕೆ.

ಅತಿಥಿಗಳು ಬಂದ ದಿನ ಅವನು ಕೂತಿದ್ದ, ನಾನು ಮಂಜುಗಡ್ಡೆಯ ಪೆಟ್ಟಿಗೆ ಹಿಡಿದು ಹಿಂದೆ ನಿಂತಿದ್ದೆ. ಇಷ್ಟು ಸ್ವಚ್ಛ ಹೇಗೆ ಬರುತ್ತದೆ ಎಂದು ಅವರಲ್ಲೊಬ್ಬರು ಕೇಳಿದರು.

"ಏನಿಲ್ರಿ, ಸುಮ್ನ ಬಿಟ್ಟಬಿಡೂದು" ಎಂದ. ಅದಕ್ಕೂ ಮೆಚ್ಚಿ ತಲೆದೂಗಿದರು! ಕೈಯಲ್ಲಿ ಅಷ್ಟು ಮಂಜುಗಡ್ಡೆ ಇದ್ದರೂ ನನ್ನ ಹೊಟ್ಟೆ ತಣ್ಣಗಾಗಲಿಲ್ಲ.

ಈಗ ನಾನೂ ಜರಡಿಯ ಮೇಲಿನದನ್ನು ಬಿಟ್ಟುಬಿಡುತ್ತೇನೆ. ಬಿಡುವಾಗಲೆಲ್ಲ ಹೆಬ್ಬೆರಳು ತುರಿಸುತ್ತದೆ. ಮೊನ್ನೆ ನನ್ನ ಮಾದರಿ ನೋಡಿ ಮೇಡಂ ಭಾಳ ಖುಷಿಯಾದರು. ಇಷ್ಟು ದಿನ ಆ ಮುಖಕ್ಕಾಗಿಯೇ ಕಾದಿದ್ದೆ.

"ವಾ! ಥೇಟ್ ಹನುಮಸಾಗರದವ್ರ ಕೈಗುಣನ ಬಂದೈತಿ ನೋಡ್ರಿ ನಿಮಗ!"

ಅವನು ಬೆನ್ನು ತಟ್ಟಿ, "ನಡಿಯಣ್ಣಾ, ಊಟಕ್ಕ" ಎಂದ.

ಅಂದೂ ಅವನ ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯಿತು. ನಾನು ನನ್ನ ತಟ್ಟೆಯನ್ನು ಎಂದಿಗಿಂತ ಹೆಚ್ಚು ಚೊಕ್ಕಟವಾಗಿ ಬಳಿದು, ಅವನ ಎದುರಿಗೇ ಇಟ್ಟೆ.