ಅವರ ಮನೆ ಮುಂದಿನ ಬಸ್ ಸ್ಟಾಪು

ಸೇಡು ತೀರಿಸಿಕೊಂಡರೆ ಮನಸ್ಸು ಹಗುರಾಗುವುದಿಲ್ಲ ಎಂದು ಉಪದೇಶ ಮಾಡುವವರನ್ನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ಒಬ್ಬರೂ ಸರಿಯಾಗಿ ಸೇಡು ತೀರಿಸಿಕೊಂಡವರಲ್ಲ. ನಾನು ತೀರಿಸಿಕೊಂಡಿದ್ದೇನೆ. ಅದಕ್ಕೆ ನ್ಯೂಜೆರ್ಸಿಯ ಒಂದು ಸೇತುವೆ ಹಾಳಾಗಿ ಮತ್ತೆ ಕಟ್ಟಬೇಕಾಯಿತು, ನಿಂತುಹೋದ ಬಸ್ಸು ಮತ್ತೆ ಓಡಬೇಕಾಯಿತು, ನಾನು ವರ್ಷಗಟ್ಟಲೆ ಕಾಯಬೇಕಾಯಿತು. ಮನಸ್ಸು ಚೆನ್ನಾಗಿಯೇ ಹಗುರಾಯಿತು.

ನನ್ನ ಗಂಡ ತೀರಿಕೊಂಡಾಗ ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಮೈಸೂರಿನಿಂದ ನಾವಿಬ್ಬರೂ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಅತ್ತೆ ಮನೆಯವರು ವಾಪಸ್ಸು ಬಂದುಬಿಡು ಎಂದರು. ಬಂದರೆ ಏನು ಎಂಬುದು ನನಗೆ ಗೊತ್ತಿತ್ತು: ಅಡುಗೆಮನೆಯ ಹಿಂದಿನ ಕೋಣೆ, ಮದುವೆ ಮುಂಜಿಗಳ ದಿನ ಹೊರಗೆ ತಲೆ ಹಾಕದ ಬದುಕು. ಇಲ್ಲಿ ನನಗೆ ನ್ಯೂಆರ್ಕಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸವಿತ್ತು. ರಕ್ತದ ಸ್ಲೈಡುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಹೇಳುವ ಕೆಲಸ. ಆ ಕೆಲಸ ಇದ್ದರೆ ನಾನು ಇಲ್ಲಿ, ಹೋದರೆ ಆ ಕೋಣೆಯಲ್ಲಿ. ಅಷ್ಟು ನೇರ ವಿಷಯ.

ಕೆಲಸಕ್ಕೆ ಹೋಗಲು ನನಗೆ ಬಸ್ಸು ಬಿಟ್ಟರೆ ಗತಿಯಿರಲಿಲ್ಲ. ಹುಟ್ಟಿನಿಂದಲೂ ನನ್ನ ಎಡಗಣ್ಣು ಮಂದ. ಉಳಿದ ಒಂದು ಕಣ್ಣು ಮೈಕ್ರೋಸ್ಕೋಪಿಗೆ ಸಾಕಾಗಿತ್ತು, ಡ್ರೈವಿಂಗ್ ಟೆಸ್ಟಿಗೆ ಸಾಲಲಿಲ್ಲ. ನಮ್ಮೂರಿನ ರೈಲು ನಿಲ್ದಾಣಕ್ಕೆ ನಾವು ಬರುವ ಮೊದಲೇ ಹಲಗೆ ಹೊಡೆದು ಮುಚ್ಚಿಬಿಟ್ಟಿದ್ದರು. ಬಸ್ಸು ಒಂದು ಖಾಸಗಿ ಕಂಪನಿಯದು. ಹೀಟರ್ ಕೆಲಸ ಮಾಡುತ್ತಿರಲಿಲ್ಲ. ಹಿಂದಿನ ಸೀಟಿನ ಹತ್ತಿರ ನೆಲದಲ್ಲಿ ತೂತು ಬಿದ್ದು ಕೆಳಗೆ ರಸ್ತೆ ಓಡುವುದು ಕಾಣಿಸುತ್ತಿತ್ತು. ಆದರೂ ಅದು ದಿನಾ ಬರುತ್ತಿತ್ತು. ಆಮೇಲೆ ಒಂದು ದಿನ, ಊರಿಗೂ ನ್ಯೂಆರ್ಕಿಗೂ ನಡುವೆ ಇದ್ದ ಹೊಳೆಯ ಸೇತುವೆ ಶಿಥಿಲವಾಗಿದೆ, ಭಾರಿ ವಾಹನ ಹೋಗಕೂಡದು ಎಂದು ಬೋರ್ಡು ಬಿತ್ತು. ಸುತ್ತಿ ಬಳಸಿ ಹೋಗುವ ಮನಸ್ಸು ಕಂಪನಿಗೆ ಇರಲಿಲ್ಲ. ಇದೇ ನೆಪ ಮಾಡಿಕೊಂಡು ಬಸ್ಸನ್ನೇ ನಿಲ್ಲಿಸಿಬಿಟ್ಟರು.

ಆಗ ನೆರವಿಗೆ ಬಂದವರು ಒಬ್ಬ ಇಂಜಿನಿಯರು. ಅವರೂ ಅವರ ಹೆಂಡತಿಯೂ ಬೆಂಗಳೂರಿನವರು, ನನಗಿಂತ ಹತ್ತು ವರ್ಷವಾದರೂ ದೊಡ್ಡವರು. ನನ್ನ ಅಪಾರ್ಟ್‌ಮೆಂಟಿನಿಂದ ಸ್ವಲ್ಪ ದೂರದಲ್ಲಿ, ಮುಖ್ಯ ರಸ್ತೆಯ ಮೇಲೆಯೇ ಸ್ವಂತ ಮನೆ. ನ್ಯೂಆರ್ಕಿನಲ್ಲಿ ಸೇತುವೆಗಳ ನಕ್ಷೆ ಮಾಡುವ ಕಂಪನಿಯಲ್ಲಿ ದೊಡ್ಡ ಹುದ್ದೆ. "ನಾನು ಹೇಗೂ ದಿನಾ ಡ್ರೈವ್ ಮಾಡ್ಕೊಂಡು ಹೋಗ್ತೀನಲ್ಲಮ್ಮ, ನೀವೂ ಬನ್ನಿ" ಎಂದರು. ನಾನು ಕೈ ಮುಗಿದೆ. ಆ ಕೈ ಮುಗಿದದ್ದು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ಮೊದಲ ವಾರ ನಾನು ಅವರ ಮನೆಯ ಬಾಗಿಲಿಗೇ ಹೋಗಿ ನಿಂತೆ. ಎರಡನೆಯ ವಾರ ಒಂದು ಸಂಜೆ ಅವರ ಹೆಂಡತಿ ಬಿಸಿಬೇಳೆಬಾತು ತೆಗೆದುಕೊಂಡು ನನ್ನ ಮನೆಗೆ ಬಂದರು. ಕೂರಲಿಲ್ಲ. ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ನೆಲ ನೋಡುತ್ತ ಹೇಳಿದರು.

"ತಪ್ಪು ತಿಳ್ಕೋಬೇಡಿ. ಇವ್ರು ಮನೆಯಿಂದ ಹೊರಡೋವಾಗ ಎದುರಿಗೆ ನೀವು... ಇವ್ರು ಸ್ವಲ್ಪ ಹಳೇ ಕಾಲದವ್ರು. ನೀವು ಆ ಕಾರ್ನರ್ ಹತ್ರ, ಹೆಡ್ಜ್ ಹಿಂದೆ ನಿಂತಿದ್ರೆ ಅಲ್ಲೇ ಪಿಕಪ್ ಮಾಡ್ತಾರಂತೆ."

ಗಂಡ ಸತ್ತವಳ ಮುಖ ಹೊರಡುವ ಹೊತ್ತಿಗೆ ಕಂಡರೆ ಅಪಶಕುನ. ಮನೆ ಬಿಟ್ಟು ನಾಲ್ಕು ಮಾರು ಕಾರು ಓಡಿದ ಮೇಲೆ ಹೊರಡುವ ಶಾಸ್ತ್ರ ಮುಗಿಯಿತು, ಆಮೇಲೆ ಅದೇ ಮುಖದಿಂದ ತೊಂದರೆಯಿಲ್ಲ. ಅಪಶಕುನಕ್ಕೂ ಇಂಥ ಅನುಕೂಲದ ಗಡಿ ಹಾಕಿಕೊಂಡಿದ್ದರು ಮಹಾನುಭಾವರು. ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯವೂ ಇರಲಿಲ್ಲ, ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದರು. ನಾನು ಬೇಡ ಎನ್ನಬಹುದಿತ್ತು. ಎಂದಿದ್ದರೆ ಲ್ಯಾಬು ಹೋಗುತ್ತಿತ್ತು. ಆಗಲಿ ಎಂದೆ.

ಹೀಗೆ ನಾನು ವರ್ಷಗಟ್ಟಲೆ ಆ ಗಿಡದ ಬೇಲಿಯ ಹಿಂದೆ ಕಳ್ಳರ ಹಾಗೆ ನಿಂತೆ. ಸ್ನೋ ಬಿದ್ದಾಗ ರಸ್ತೆ ಗುಡಿಸುವ ಗಾಡಿ ಅಷ್ಟನ್ನೂ ತಂದು ಆ ಮೂಲೆಗೇ ಒಟ್ಟುತ್ತಿತ್ತು. ಕಾರು ಬಂದು ನಿಂತರೆ ಹಿಂದಿನ ಸೀಟು ಹತ್ತುತ್ತಿದ್ದೆ. ಅವರು ಡ್ಯಾಶ್‌ಬೋರ್ಡಿನ ದೇವರ ಪಟ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಗೇರು ಹಾಕುತ್ತಿದ್ದರು. ದಾರಿಯುದ್ದಕ್ಕೂ ಪಾಠ. ನದಿಯಾಚೆ ನ್ಯೂಯಾರ್ಕಿನಲ್ಲಿ ಎತ್ತರದ ಹೆದ್ದಾರಿಯ ತುಂಡೊಂದು ಲಾರಿ ಸಮೇತ ಕುಸಿದಾಗಲಂತೂ ತಿಂಗಳುಗಟ್ಟಲೆ ಅದೇ ಮಾತು. "ಇದೆಲ್ಲ ಉಪ್ಪಿನ ಕೆಲಸ ಕಣಮ್ಮ. ಸ್ನೋ ಕರಗಿಸೋಕೆ ಹಾಕ್ತಾರಲ್ಲ ಉಪ್ಪು, ಅದು ಒಳಗಿನ ಕಬ್ಬಿಣಾನ ತಿಂದ್ಹಾಕತ್ತೆ. ಈ ಅಮೆರಿಕನ್ನರು ಮೇಂಟೇನ್ ಮಾಡಲ್ಲ, ಬಿದ್ಮೇಲೆ ಬಾಯ್ಬಾಯ್ ಬಡ್ಕೋತಾರೆ. ಪ್ರತಿಯೊಂದಕ್ಕೂ ಒಂದು ಕಾರಣ ಇರತ್ತೆ." ಸೇತುವೆ ಬಿದ್ದರೆ ಕಾರಣ ಉಪ್ಪು. ಇವರ ಕೆಲಸ ಕೆಟ್ಟರೆ ಕಾರಣ ನನ್ನ ಮುಖ. ಹಿಂದಿನ ಸೀಟಿನಿಂದ ಅವರ ಬೋಳಾಗುತ್ತಿದ್ದ ತಲೆಯನ್ನೇ ನೋಡುತ್ತ ಕೂತಿರುತ್ತಿದ್ದೆ.

ಒಂದು ದಿನ ಮಳೆಯೂ ಮಂಜೂ ಸೇರಿ ಮುಖಕ್ಕೆ ರಾಚುತ್ತಿತ್ತು. ಅವರು ಬಾಗಿಲು ದಾಟಿ ಹೊರಗೆ ಬಂದು, ಏನೋ ಮರೆತು ಒಳಗೆ ಹೋದರು. ಹೊರಟವರು ಮನೆಯೊಳಗೆ ವಾಪಸ್ಸು ಹೋದರೆ ನೀರು ಕುಡಿದು, ಸ್ವಲ್ಪ ಹೊತ್ತು ಕೂತು, ಆಮೇಲೆ ಹೊರಡಬೇಕಲ್ಲ. ಆ ಶಾಸ್ತ್ರವನ್ನೆಲ್ಲ ಸಾವಕಾಶವಾಗಿ ಮುಗಿಸಿದರು. ಬೇಲಿಯ ಸಂದಿನಿಂದ ಅವರ ಹಾಲಿನ ಕಿಟಕಿ ಕಾಣುತ್ತಿತ್ತು. ಸೋಫಾದ ಮೇಲೆ ಬೆಚ್ಚಗೆ ಕೂತಿದ್ದರು. ನನಗೆ ಕಾಲಿನ ಬೆರಳುಗಳು ಇವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಈ ಮನುಷ್ಯ ದಿನಾ ಬೆಳಿಗ್ಗೆ ನನ್ನ ಮುಖ ನೋಡಿಯೇ ಮನೆ ಬಿಡುವ ಹಾಗೆ ಮಾಡುತ್ತೇನೆ ಎಂದು ಆವತ್ತು ಹಲ್ಲು ಕಚ್ಚಿಕೊಂಡು ಅಂದುಕೊಂಡೆ. ಹೇಗೆ ಮಾಡುವುದು ಎಂದು ಗೊತ್ತಿರಲಿಲ್ಲ.

ದಾರಿಯನ್ನು ಅವರೇ ಮಾಡಿಕೊಟ್ಟರು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಸರ್ಕಾರಕ್ಕೆ ಎಚ್ಚರವಾಗಿ ಹಳೆಯ ಸೇತುವೆಯನ್ನು ಕೆಡವಿ ಹೊಸದು ಕಟ್ಟಿಸಿದರು. ಅದರ ನಕ್ಷೆ ನಮ್ಮ ಇಂಜಿನಿಯರ ಕಂಪನಿಯದೇ. ಎಷ್ಟು ಭಾರ ತಡೆಯುತ್ತದೆ ಎಂಬ ಲೆಕ್ಕ ಖುದ್ದು ಅವರದೇ. "ಈಗ ಇದರ ಮೇಲೆ ಬಸ್ಸೇನು, ಆನೆ ಹಿಂಡೇ ಹೋಗಬಹುದು" ಎಂದು ಕಾರಿನಲ್ಲಿ ಬೀಗುತ್ತಿದ್ದರು. ಸರ್ಕಾರದ ದುಡ್ಡಿನಲ್ಲಿ ಹೊಸ ಬಸ್ಸುಗಳೂ ಬರುತ್ತವೆ, ನ್ಯೂಆರ್ಕಿನ ದಾರಿ ಮತ್ತೆ ಶುರುವಾಗುತ್ತದೆ, ಎಲ್ಲೆಲ್ಲಿ ನಿಲ್ಲಬೇಕು ಎಂದು ಊರಿನವರನ್ನು ಕೇಳಲು ಶಾಲೆಯ ಹಾಲಿನಲ್ಲಿ ಸಭೆಯಿದೆ ಎಂದು ಗೊತ್ತಾಯಿತು. ನಾನು ರೇಷ್ಮೆ ಸೀರೆ ಉಟ್ಟುಕೊಂಡು ಹೋದೆ.

ಬಸ್ಸು ಎಲ್ಲರಿಗೂ ಬೇಕಿತ್ತು. ಸ್ಟಾಪು ಯಾರ ಮನೆ ಮುಂದೆಯೂ ಬೇಡವಾಗಿತ್ತು. ಗಲಾಟೆ, ಹೊಗೆ, ಸಿಗರೇಟಿನ ತುಂಡು ಎಂದು ಒಬ್ಬೊಬ್ಬರೂ ಎದ್ದು ಹೇಳಿದರು. ಆ ಮೂಲೆಯಲ್ಲಿ ನಿಲ್ಲಿಸಿದರೆ ಹೇಗೆ ಎಂದು ಅಧಿಕಾರಿ ನಕ್ಷೆಯ ಮೇಲೆ ಬೆರಳಿಟ್ಟ. ನಾನು ಕೈ ಎತ್ತಿದೆ. ಆ ಮೂಲೆಯನ್ನು ನನ್ನಷ್ಟು ಬಲ್ಲವರು ಆ ಹಾಲಿನಲ್ಲಿ ಇರಲಿಲ್ಲ. ಅಲ್ಲಿ ಇಳಿಜಾರಿದೆ, ದೀಪವಿಲ್ಲ, ಬೇಲಿ ಅಡ್ಡವಾಗಿ ನಿಂತವರು ಕಾಣುವುದಿಲ್ಲ, ಸ್ನೋ ಎಲ್ಲ ಅಲ್ಲಿಗೇ ಬಂದು ಬೀಳುತ್ತದೆ ಎಂದೆ. ಅದರ ಬದಲು ಈ ಮನೆಯ ಮುಂದೆ ನೆಲ ಸಮವಾಗಿದೆ, ದೀಪದ ಕಂಬವಿದೆ, ಎರಡೂ ಕಡೆಯಿಂದ ಡ್ರೈವರಿಗೆ ಜನ ಕಾಣುತ್ತಾರೆ ಎಂದು ಇಂಜಿನಿಯರ ಮನೆಯನ್ನು ತೋರಿಸಿದೆ. ಪ್ರತಿ ಮಾತೂ ಸತ್ಯ. ಸತ್ಯ ಹೇಳುವಾಗ ಅಷ್ಟು ಸಂತೋಷ ನನಗೆ ಬೇರೆಂದೂ ಆಗಿಲ್ಲ.

ಅವರು ಮುಂದಿನ ಸಾಲಿನಲ್ಲಿದ್ದರು. ಎದ್ದು ನಿಂತರು. ಇಳಿಜಾರು, ದೀಪ, ನೋಟ ಎಲ್ಲವೂ ಅವರ ವಿದ್ಯೆಯೇ ಕಲಿಸಿದ ಕಾರಣಗಳು, ಅಲ್ಲಗಳೆಯುವಂತಿರಲಿಲ್ಲ. ನಿಜವಾದ ಕಾರಣವನ್ನು ಅಷ್ಟು ಜನ ಅಮೆರಿಕನ್ನರ ಮುಂದೆ ಇಂಗ್ಲಿಷಿನಲ್ಲಿ ಹೇಳುವಂತೆಯೂ ಇರಲಿಲ್ಲ. ಮತ್ತೆ ಕೂತರು. ಹೊರಗೆ ಬರುವಾಗ ನನ್ನ ಹತ್ತಿರ ಬಂದು, "ಇಷ್ಟು ವರ್ಷ ಕಾರಲ್ಲಿ ಕೂರಿಸ್ಕೊಂಡು ಹೋಗಿದ್ದಕ್ಕೆ ಇದೇನಮ್ಮ?" ಎಂದರು.

"ಇನ್ಮೇಲೆ ನಿಮಗೆ ತೊಂದರೆ ಬೇಡ ಅಂತ" ಎಂದೆ.

ಬಸ್ಸು ಶುರುವಾದ ಮೊದಲ ದಿನ ಕನ್ನಡಿಯ ಮುಂದೆ ನಿಂತು, ಹಣೆಗೆ ಕುಂಕುಮ ಇಟ್ಟುಕೊಳ್ಳಲೇ ಎಂದು ಯೋಚಿಸಿದೆ. ಬೇಡವೆನಿಸಿತು. ಬೋಳು ಹಣೆಯೇ ಅವರಿಗೆ ಕಾಣಬೇಕಿತ್ತು. ಹೋಗಿ ದೀಪದ ಕಂಬದ ಕೆಳಗೆ, ಅವರ ಬಾಗಿಲಿಗೆ ನೇರ ಎದುರಾಗಿ ನಿಂತೆ. ಬಾಗಿಲು ತೆರೆಯಿತು, ಮುಚ್ಚಿತು. ಕಿಟಕಿಯ ಪರದೆ ಅಲ್ಲಾಡಿತು. ಬಸ್ಸು ನನ್ನನ್ನು ಹತ್ತಿಸಿಕೊಂಡು ಹೊರಟಾಗ ಪರದೆಯ ಸಂದಿನಲ್ಲಿ ಅರ್ಧ ಮುಖ ಕಂಡಿತು. ಹೀಟರ್ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಅವರೇ ಲೆಕ್ಕ ಹಾಕಿದ ಸೇತುವೆಯ ಮೇಲೆ ಬಸ್ಸು ಅಲುಗದೆ ಓಡಿತು.

ಸೋಮವಾರ ಬಿಟ್ಟು ಉಳಿದ ದಿನ ನನ್ನ ಬಸ್ಸು ಹೋಗುವವರೆಗೂ ಒಳಗೆ ಕೂತು ಆಮೇಲೆ ಹೊರಡುತ್ತಿದ್ದರು, ಕೆಲಸಕ್ಕೆ ತಡವಾದರೂ ಸರಿ. ಸೋಮವಾರ ಆ ಆಟ ನಡೆಯುತ್ತಿರಲಿಲ್ಲ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ. ಊರಿನಿಂದ ತರಿಸಿದ ಕ್ಯಾಲೆಂಡರಿನಲ್ಲಿ ಬರೆದದ್ದನ್ನೇ ಇಲ್ಲಿಯೂ ಪಾಲಿಸುತ್ತಿದ್ದರು. ನ್ಯೂಜೆರ್ಸಿಯಲ್ಲಿ ಸೂರ್ಯ ಹುಟ್ಟುವ ಹೊತ್ತೇ ಬೇರೆ, ರಾಹು ಬರುವ ಹೊತ್ತೂ ಬೇರೆಯಾಗಬೇಕಲ್ಲ ಎಂಬುದು ಅಷ್ಟು ದೊಡ್ಡ ಲೆಕ್ಕಿಗರ ತಲೆಗೆ ಹೊಳೆದಿರಲಿಲ್ಲ. ನನ್ನ ಬಸ್ಸು ಬರುವುದು ಏಳೂವರೆಗೆ. ಬಸ್ಸು ಹೋದ ಮೇಲೆ ಹೊರಟರೆ ರಾಹು, ಅದಕ್ಕೆ ಮೊದಲು ಹೊರಟರೆ ನಾನು. ಅವರು ಬೇಗ ಹೊರಡಲು ಶುರು ಮಾಡಿದರು. ನಾನು ಅದಕ್ಕಿಂತ ಬೇಗ ಬಂದು ನಿಂತೆ. ಕಾರನ್ನು ಹಿಂದಕ್ಕೆ ತೆಗೆದೇ ರಸ್ತೆಗೆ ಬರಬೇಕು, ಹಿಂದಕ್ಕೆ ತೆಗೆಯುವವರು ಕನ್ನಡಿ ನೋಡಲೇಬೇಕು. ಕನ್ನಡಿಯ ತುಂಬ ನಾನೇ ಇರುತ್ತಿದ್ದೆ. ಒಂದೊಂದು ಸಲ ನಮಸ್ಕಾರವನ್ನೂ ಮಾಡುತ್ತಿದ್ದೆ. ಆ ಚಳಿಗಾಲದ ಸೋಮವಾರಗಳಷ್ಟು ಉತ್ಸಾಹದಿಂದ ನಾನು ಯಾವ ಹಬ್ಬಕ್ಕೂ ಎದ್ದವಳಲ್ಲ.

ಅಂಥ ಒಂದು ಸೋಮವಾರ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ರಾತ್ರಿ ಬಿದ್ದ ಮಳೆ ನೆಲದ ಮೇಲೆ ಹೆಪ್ಪುಗಟ್ಟಿತ್ತು. ಬಾಗಿಲು ತೆರೆದು ಇಂಜಿನಿಯರು ಹೊರಗೆ ಬಂದರು. ದೀಪದ ಕೆಳಗೆ ನಾನಿದ್ದೆ. ಕಂಡ ಕೂಡಲೇ ಮುಖ ಆಚೆ ತಿರುಗಿಸಿ ಗ್ಯಾರೇಜಿನ ಕಡೆ ದಾಪುಗಾಲು ಹಾಕಿದರು, ನೆಲ ನೋಡಲಿಲ್ಲ. ಕಾಲು ಜಾರಿ ದಬಕ್ಕನೆ ಬಿದ್ದರು. ಕಾಲು ಸೊಟ್ಟಗೆ ತಿರುಗಿತ್ತು. ಮುರಿದಿದೆ ಎಂದು ದೂರದಿಂದಲೇ ಗೊತ್ತಾಗುತ್ತಿತ್ತು.

ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ನನ್ನ ಮುಖ ನೋಡಿದ್ದಕ್ಕೇ ಹೀಗಾಯಿತು ಎಂಬ ಮಾತು ನನ್ನೊಳಗಿಂದಲೇ ಎದ್ದು ಬಂತು. ನೆಲದ ಮೇಲೆ ಮಂಜುಗಡ್ಡೆಯಿದೆ, ಅವರು ಕೆಳಗೆ ನೋಡಲಿಲ್ಲ, ಕಣ್ಣಾರೆ ಕಂಡಿದ್ದೇನೆ. ಆದರೂ ಕಾಲು ಕಿತ್ತಿಡಲು ಆಗದೆ ನಿಂತುಬಿಟ್ಟೆ. ಇಷ್ಟು ವರ್ಷ ಬೇಲಿಯ ಹಿಂದೆ ನಿಲ್ಲಿಸಿ ನಿಲ್ಲಿಸಿ ಈ ಮನುಷ್ಯ ತನ್ನ ನಂಬಿಕೆಯನ್ನು ನನ್ನ ತಲೆಗೇ ತುಂಬಿಬಿಟ್ಟಿದ್ದ. ಅಷ್ಟು ಕೋಪ ನನಗೆ ಆ ಹಿಮದ ಮೂಲೆಯಲ್ಲಿಯೂ ಬಂದಿರಲಿಲ್ಲ.

ಸದ್ದು ಕೇಳಿ ಅವರ ಹೆಂಡತಿ ಓಡಿಬಂದರು. ಇಂಜಿನಿಯರು ಬಿದ್ದಲ್ಲಿಂದಲೇ ನನ್ನ ಕಡೆ ಬೆರಳು ಚಾಚಿ ನರಳುತ್ತ ಹೇಳಿದರು, "ನೋಡಿದ್ಯಾ? ನಾನು ಹೇಳ್ತಾ ಇರ್ಲಿಲ್ವಾ? ಬೆಳಿಗ್ಗೆ ಬೆಳಿಗ್ಗೆ ಆ ಮುಖ ನೋಡಿದ್ರೆ ಇನ್ನೇನಾಗತ್ತೆ?"

ಆಕೆ ಅವರ ಕಾಲನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಯಾವ ಅವಸರವೂ ಇಲ್ಲದೆ, ತರಕಾರಿ ಬೆಲೆ ಹೇಳುವವರ ಹಾಗೆ ಹೇಳಿದರು.

"ಇವತ್ತು ನೀವು ಎದ್ದು ಮೊದಲು ನೋಡಿದ್ದು ನನ್ನ ಮುಖ ಅಲ್ವಾ, ರೀ? ಕಾಫಿ ಕೊಟ್ಟಿದ್ದು ನಾನೇ ತಾನೆ."

ಆಕೆ ಶಾಲು ತಂದು ಅವರ ಮೇಲೆ ಹೊದೆಸಿ, ಆಂಬುಲೆನ್ಸಿಗೆ ಫೋನ್ ಮಾಡಲು ಒಳಗೆ ಹೋಗುವಾಗ ನನ್ನ ಕಡೆ ತಿರುಗಿದರು. "ನೀವ್ ಹೊರಡಿ, ಬಸ್ ಬಂತು. ಇದನ್ನ ನಾನ್ ನೋಡ್ಕೋತೀನಿ."

ನಾನು ಬಸ್ಸು ಹತ್ತಿ, ಅವರಿಗೆ ಚೆನ್ನಾಗಿ ಕಾಣುವ ಹಾಗೆ ಕಿಟಕಿ ಪಕ್ಕದ ಸೀಟಿನಲ್ಲಿಯೇ ಕೂತೆ.