ಊಟವಾದ ಮೇಲೆ ಬಾನೆಟ್ ಎತ್ತುವುದು ಹೇಗೆ?

ಯಾರಾದರೂ ಹಳೆಯ ಗಾಡಿ ಕೊಳ್ಳಲು ಹೊರಟಿದ್ದಾರೆಂದು ಗೊತ್ತಾದರೆ ನಾನು ಹೇಳುವುದು ಒಂದೇ ಮಾತು: ಮಾರುವವರ ಮನೆಯಲ್ಲಿ ಮೊದಲೇ ಊಟ ಮಾಡಬೇಡಿ. ಕೇಳಿದವರು ನಗುತ್ತಾರೆ. ನಗಲಿ. ನನಗೆ ಮಾತ್ರ ಅರವತ್ತರ ದಶಕದ ಆ ಪಿಕಪ್ ಗಾಡಿ ನೆನಪಾದರೆ ಕೈಯಲ್ಲಿರುವ ಸೌಟು ಈಗಲೂ ಪಾತ್ರೆಗೆ ಜೋರಾಗಿಯೇ ಬಡಿಯುತ್ತದೆ.

ಸಾಗರದಲ್ಲಿ ನಮ್ಮದು ಅಡುಗೆ ಕೆಲಸದ ಮನೆ. ಮದುವೆ, ಮುಂಜಿ ಎಂದು ಎಲ್ಲಿ ಕರೆದರೂ ನಮ್ಮವರು, ಅಂದರೆ ನನ್ನ ಗಂಡ, ನನ್ನನ್ನೂ ಕರೆದುಕೊಂಡು ಸ್ವಂತ ಪಾತ್ರೆಗಳ ಸಮೇತ ಹೋಗುತ್ತಿದ್ದರು. ಕೊಪ್ಪರಿಗೆ, ಹಂಡೆ, ಅನ್ನ ಬಸಿಯುವ ಬುಟ್ಟಿ, ಬಡಿಸುವ ತಪ್ಪಲೆಗಳು, ಎಲ್ಲ ಸೇರಿದರೆ ಒಂದು ಎತ್ತಿನಗಾಡಿ ತುಂಬುತ್ತಿತ್ತು. ಹೊಸನಗರದ ಕಡೆ ಮದುವೆಯೆಂದರೆ ಗಾಡಿ ಹಿಂದಿನ ದಿನವೇ ಹೊರಡಬೇಕು. ನಮ್ಮ ಕಸುಬಿನಲ್ಲಿ ರುಚಿಯದು ಎರಡನೆಯ ಮಾತು. ಪಾತ್ರೆ ಹೊತ್ತಿಗೆ ಮುಟ್ಟುವುದು ಮೊದಲನೆಯದು. ಅದೊಂದು ತಪ್ಪಿತೋ, ಮುಂದಿನ ಲಗ್ನಕಾಲದಲ್ಲಿ ಬಾಗಿಲಿಗೆ ಯಾರೂ ಬರುವುದಿಲ್ಲ.

ಕೋಣಂದೂರಿನ ಹತ್ತಿರದ ತೋಟದ ಯಜಮಾನರೊಬ್ಬರು ಪಿಕಪ್ ಮಾರುತ್ತಾರೆಂದು ಸುದ್ದಿ ಬಂತು. ಮುಂದೆ ಜೀಪಿನ ಮುಸುಡಿ, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ನನ್ನ ತಮ್ಮ ಬಸ್ಸು ಓಡಿಸುತ್ತಿದ್ದವನು, ನಮ್ಮ ಗಾಡಿ ಓಡಿಸಲು ಒಪ್ಪಿದ. ದುಡ್ಡು ಹೊಂದಿಸಲು ನಮ್ಮವರು ಎತ್ತುಗಳನ್ನೂ ಎತ್ತಿನಗಾಡಿಯನ್ನೂ ಮಾರಿದರು. ನಾವು ಮೂವರೂ ನೋಡಲು ಹೋದೆವು. ದಾರಿಯುದ್ದಕ್ಕೂ ತಮ್ಮ ನಮಗೆ ಪಾಠ ಹೇಳಿದ.

"ಎಂಜಿನ್ ತಣ್ಣಗಿದ್ದಾಗಲೇ ಸ್ಟಾರ್ಟ್ ಮಾಡಿ ನೋಡ್ಬೇಕು ಭಾವ. ಹೊಗೆ ಬಣ್ಣ ನೋಡ್ಬೇಕು. ಆಮೇಲೆ ಭಾರ ಹಾಕ್ಕೊಂಡು ಏರು ಹತ್ತಿಸ್ಬೇಕು. ಗೇರು ಜಾರುತ್ತಾ ಇಲ್ವಾ ಅಂತ ಅಲ್ಲೇ ಗೊತ್ತಾಗೋದು."

ಆ ಮನೆಯಲ್ಲಿ ನಾವು ಎಷ್ಟೋ ಸಲ ಅಡುಗೆ ಮಾಡಿದ್ದೆವು. ಪ್ರತಿ ಸಲವೂ ಎಲ್ಲರದೂ ಆದ ಮೇಲೆ, ಒಲೆಯ ಪಕ್ಕದಲ್ಲಿ, ತಳದಲ್ಲಿ ಉಳಿದದ್ದನ್ನು ಉಂಡವರು ನಾವು. ಅದರಲ್ಲಿ ಬೇಸರವಿಲ್ಲ, ಅಡುಗೆಯವರ ಊಟ ಅದೇ. ಆದರೆ ಅಂದು ಯಜಮಾನರು ನಮ್ಮವರ ಕೈ ಹಿಡಿದು ನಡುಮನೆಗೆ ಕರೆದೊಯ್ದರು. ಮೊದಲ ಪಂಕ್ತಿ, ಕುಡಿಬಾಳೆ ಎಲೆ.

"ಭಟ್ರೇ, ಯಾವಾಗ್ಲೂ ನೀವು ಬಡಿಸ್ತೀರಿ, ನಾವು ಉಣ್ತೀವಿ. ಇವತ್ತು ನೀವು ಕೂರಿ," ಎಂದು ತಾವೇ ತುಪ್ಪ ಹಾಕಿದರು. ನಮ್ಮವರ ಕಣ್ಣು ತುಂಬಿತು. ಒಳಗೆ ಹೆಂಗಸರ ಜೊತೆ ಕುಳಿತ ನಾನೂ ತುಪ್ಪ ಎರಡು ಸಲ ಹಾಕಿಸಿಕೊಂಡೆ. ಸುಳ್ಳು ಯಾಕೆ ಹೇಳಲಿ?

ಕೈ ತೊಳೆದು ಅಂಗಳಕ್ಕೆ ಬಂದೆವು. ತಮ್ಮ ಬಾನೆಟ್ ಮೇಲೆ ಕೈಯಿಟ್ಟ. "ಆಗ್ಲೇ ಬಿಸಿ ಇದೆಯಲ್ಲ?"

"ನೀವು ಬರೋ ಮೊದ್ಲಷ್ಟೇ ಪೇಟೆಗೆ ಹೋಗಿ ಬಂದಿದ್ದೆ ಮಾರಾಯ," ಎಂದರು ಯಜಮಾನರು.

ತಮ್ಮ ಬಾನೆಟ್ ಎತ್ತಲು ಬಗ್ಗಿದ. ನಮ್ಮವರು ಅವನ ರಟ್ಟೆ ಹಿಡಿದು ಮೆಲ್ಲಗೆ ಗದರಿದರು. "ಕೈ ತೊಳೆದ ನೀರು ಆರಿಲ್ಲ, ಅಷ್ಟ್ರಲ್ಲೇ ಅನುಮಾನ ಪಡೋದಾ? ಉಂಡ ಮನೆ ಅನ್ನೋ ಮರ್ಯಾದೆ ಬೇಡ್ವಾ?"

ಏರಿನ ಮಾತನ್ನು ತಮ್ಮ ಎತ್ತಲೇ ಇಲ್ಲ. ಅಂಗಳದಲ್ಲಿ ಸುತ್ತು ಹೊಡೆದ, ಅಷ್ಟೇ. ಗೇರು ಬೆಣ್ಣೆಯಲ್ಲಿ ಸೌಟು ಆಡಿಸಿದ ಹಾಗೆ ಸದ್ದಿಲ್ಲದೆ ಬೀಳುತ್ತಿತ್ತು. ವ್ಯಾಪಾರ ಮುಗಿಯಿತು.

ಮನೆಗೆ ತಂದ ಮರುದಿನ ಬೆಳಗ್ಗೆಯೇ ಅದು ಸ್ಟಾರ್ಟ್ ಆಗಲಿಲ್ಲ. ಬೀದಿಯವರೆಲ್ಲ ತಳ್ಳಿದ ಮೇಲೆ ಕೆಮ್ಮಿ ಎದ್ದು, ಒಗೆದು ಹರವಿದ ಬಟ್ಟೆಯ ಮೇಲೆಲ್ಲ ನೀಲಿ ಹೊಗೆ ಉಗುಳಿತು. "ಎಂಜಿನ್ ಆಯಿಲ್ ಕುಡೀತಿದೆ ಅಕ್ಕ," ಎಂದ ತಮ್ಮ. ನಮ್ಮವರು ಮಾತ್ರ "ಹೊಸ ಜಾಗ, ಒಗ್ಗಬೇಕು," ಎಂದರು, ಕೊಟ್ಟಿಗೆಗೆ ಹಸು ತಂದವರ ಹಾಗೆ!

ಆಮೇಲೆ ಹೊಸನಗರದ ಮದುವೆ. ಪಾತ್ರೆ ಹೇರಿಕೊಂಡು ನಸುಕಿಗೇ ಹೊರಟೆವು. ಮೊದಲ ಏರಿನಲ್ಲೇ ಎರಡನೇ ಗೇರು ತಾನಾಗಿ ಕಳಚಿ ಹಾರತೊಡಗಿತು. ತಮ್ಮ ಅದನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಓಡಿಸಿದ. ಮುಂದಿನ ಏರಿನಲ್ಲಿ ಒಳಗೆ ಬೀಸುಕಲ್ಲು ತಿರುಗಿದಂಥ ಸದ್ದಾಯಿತು, ಗಾಡಿ ಹಿಂದಕ್ಕೆ ಜಾರಿತು. ನಮ್ಮವರು ಹಾರಿ ಚಕ್ರಕ್ಕೆ ಕಲ್ಲು ಕೊಟ್ಟರು. ಯಾರದೋ ಎತ್ತಿನಗಾಡಿ ಬೇಡಿ ಮದುವೆಮನೆ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಹೆಣ್ಣಿನ ತಂದೆ ಅಕ್ಕಪಕ್ಕದ ಮನೆಗಳಿಂದ ಅವಲಕ್ಕಿ ತರಿಸಿ ದಿಬ್ಬಣಕ್ಕೆ ಕೊಡುತ್ತಿದ್ದರು. ಗಂಡಿನ ಕಡೆಯ ಹಿರಿಯರೊಬ್ಬರು ನಮ್ಮನ್ನು ಕಂಡು, "ಬಂದ್ರಾ? ನಿಮಗಿಂತ ಮೊದ್ಲು ಹಸಿವೇ ಬಂದು ಕೂತಿತ್ತು," ಎಂದರು. ಎಲ್ಲರೂ ನಕ್ಕರು. ಹೆಣ್ಣಿನ ತಂದೆ ನಗಲಿಲ್ಲ. ಆ ಮುಖವನ್ನು ನಾನು ಮರೆತಿಲ್ಲ.

ಸಾಗರದ ಮೆಕ್ಯಾನಿಕ್ ಗೇರ್ ಬಾಕ್ಸ್ ಬಿಚ್ಚಿದ. ಹಲ್ಲು ಸವೆದ ಚಕ್ರಗಳ ಸುತ್ತ ರಾಗಿ ಮುದ್ದೆಯಂಥದ್ದೇನೋ ಮೆತ್ತಿತ್ತು. ಮರದ ಹೊಟ್ಟು! ಗರಗಸದ ಮಿಲ್ಲಿನ ಹೊಟ್ಟನ್ನು ಗ್ರೀಸಿಗೆ ಕಲಸಿ ತುಂಬಿದ್ದರು. ಅದಿದ್ದರೆ ಕೆಲವು ದಿನ ಗೇರಿನ ಸದ್ದು ಕೇಳುವುದಿಲ್ಲವಂತೆ. ನಾನೂ ಉಪ್ಪು ಹೆಚ್ಚಾದ ಪಲ್ಯಕ್ಕೆ ಕಾಯಿತುರಿ ಸುರಿದು ಸರಿಮಾಡಿದವಳೇ. ಆದರೆ ಹಳಸಿದ ಅನ್ನಕ್ಕೆ ಒಗ್ಗರಣೆ ಹಾಕಿ ಯಾರಿಗೂ ಬಡಿಸಿಲ್ಲ. ಇದು ಆ ಒಗ್ಗರಣೆ. ಅದಕ್ಕಿಂತಲೂ ಉರಿದದ್ದು ಆ ಮೊದಲ ಪಂಕ್ತಿ. ನಮ್ಮ ಬಾಯಿಗೆ ಹೊಟ್ಟು ತುಂಬಲಿಕ್ಕಲ್ಲವೇ ಆ ತುಪ್ಪ?

ಮುಂದಿನ ಲಗ್ನಕಾಲ ಹತ್ತಿರವಾದಾಗ ಅದೇ ಯಜಮಾನರು ಹೊಸ ಜೀಪಿನಲ್ಲಿ ನಮ್ಮ ಮನೆಗೆ ಬಂದರು. ಮಗಳ ಮದುವೆಯಂತೆ.

"ಅಡುಗೆ ನಿಮ್ದೇ ಆಗ್ಲಿ ಅಂತ ಆಸೆ. ಆದ್ರೆ ಭಟ್ರೇ, ಬೇಜಾರು ಮಾಡ್ಕೋಬೇಡಿ, ನಿಮ್ಮ ಗಾಡಿ ನಂಬೋ ಹಂಗಿಲ್ಲ ಅಂತ ಹೊಸನಗರದಲ್ಲಿ ಆಡ್ಕೊಳ್ತಾರೆ. ಪಾತ್ರೆ ಹೊತ್ತಿಗೆ ಮುಟ್ತದಾ?"

ನಮ್ಮ ಗಾಡಿ! ನಮ್ಮವರು ನೆಲ ನೋಡಿದರು. ನಾನು ಎಲೆ ಹಾಕಿದೆ. ಪಲ್ಯ, ಸಾರು, ಹುಳಿ ಎಲ್ಲ ಬಡಿಸಿದೆ. ಮಜ್ಜಿಗೆಗೆ ಅನ್ನ ಕಲಸುವಾಗ ಯಾರೂ ಎಲೆ ಬಿಟ್ಟು ಏಳುವುದಿಲ್ಲ. ಆಗ ಕೇಳಿದೆ.

"ಗೇರ್ ಬಾಕ್ಸಿನಲ್ಲಿ ಮರದ ಹೊಟ್ಟು ಇದ್ದದ್ದು ನಿಮಗೆ ಗೊತ್ತಿತ್ತಾ?"

ಅವರ ಕೈ ನಿಂತಿತು. "ನಂಗೆ ಮಾರಿದವ್ನೂ ಹಂಗೇ ಮಾರಿದ್ದು ತಂಗೀ. ಹಳೇ ಗಾಡಿ ಅಂದ್ರೆ ಎಲ್ಲರೂ ಮಾಡೋದೇ ಅದು."

"ಅವರೂ ನಿಮ್ಗೆ ಮೊದಲ ಪಂಕ್ತೀಲಿ ತುಪ್ಪ ಹಾಕಿದ್ರಾ?"

ಅವರು ಎಲೆಯತ್ತ ಬಗ್ಗಿದರು. ಮಜ್ಜಿಗೆ ಮುಗಿಸಿ, ಕೈ ತೊಳೆದು, ಹೇಳಿ ಕಳಿಸುತ್ತೇನೆಂದು ಹೋದರು. ಕಳಿಸಲಿಲ್ಲ. ಮದುವೆಗೆ ತೀರ್ಥಹಳ್ಳಿಯ ಅಡುಗೆಯವರು ಹೋದರೆಂದು ಆಮೇಲೆ ತಿಳಿಯಿತು.

ಪಿಕಪ್ಪನ್ನು ಗುಜರಿಗೆ ಹಾಕಿದೆವು. ಹೊಟ್ಟು ತುಂಬಿ ಇನ್ನೊಬ್ಬರಿಗೆ ಮಾರಬಹುದಿತ್ತು. ಹಾಗೆಂದು ಬುದ್ಧಿ ಹೇಳಿದವರೂ ಇದ್ದರು. ಮತ್ತೆ ಎತ್ತು ಕೊಳ್ಳಲು ಬಟ್ಟೆಮಲ್ಲಪ್ಪ ಎಂಬ ಊರಿನ ಕಡೆ ಒಂದು ಮನೆಗೆ ಹೋದೆವು. ಆ ಮನೆಯಾಕೆ ಬಂದವರಿಗೆಂದು ಬೆಲ್ಲ, ನೀರು ತಂದಿಟ್ಟಳು. ನಮ್ಮವರು ಲೋಟ ಮುಟ್ಟಲಿಲ್ಲ.

"ಆಮೇಲೆ ಕುಡೀತೀನಿ ತಾಯಿ," ಎಂದು ಅಂಗಳಕ್ಕಿಳಿದು, ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡತೊಡಗಿದರು.